ಕಾಣದ್ದಕ್ಕೆ ಒಂದು ಗೆರೆ

ಜನವರಿ 11

ಪ್ರೀತಿಯ ಗುಬ್ಬಿ,

ಭಾನುವಾರ ಫೋನಿನಲ್ಲಿ ನೀನು ಮೂರು ಸಲ ಸೀನಿದೆ. ಕೇಳಿದರೆ ಏನೂ ಇಲ್ಲ ಅಂದೆ. ಸೀನು, ನಿದ್ದೆ, ಊಟ ಇಷ್ಟಕ್ಕೆ ಫೋನು ಸಾಕು. ಉಳಿದದ್ದನ್ನು ನಿನ್ನ ಹಾಸ್ಟೆಲಿನ ದಿನಗಳಿಂದಲೂ ಕಾಗದದಲ್ಲೇ ಬರೆದುಕೊಂಡು ಬಂದವರು ನಾವು. ಈ ವಯಸ್ಸಿನಲ್ಲಿ ಚಾಳಿ ಬದಲಿಸುವುದು ಬೇಡ.

ನನ್ನ ನಿವೃತ್ತಿಗೆ ಇನ್ನು ಆರೂವರೆ ತಿಂಗಳು. ಜುಲೈ ಕೊನೆಯ ದಿನ ಆಸ್ಪತ್ರೆಯ ಸ್ಟೋರಿನ ಬೀಗದ ಕೈ ಕೊಟ್ಟು ಹೊರಬಂದರೆ ಮೂವತ್ತಮೂರು ವರ್ಷ ಮುಗಿಯಿತು. ನನ್ನ ಜಾಗಕ್ಕೆ ಬರುವವಳು ಈಗಲೇ ಬಂದು ಕೆಲಸ ಕಲಿಯುತ್ತಿದ್ದಾಳೆ. ಚುರುಕಾಗಿದ್ದಾಳೆ, ಆದರೆ ಹತ್ತಿಯ ಉಂಡೆಯನ್ನೂ ಗಾಜಿನ ಸೀಸೆಯನ್ನೂ ಒಂದೇ ಕಪಾಟಿನಲ್ಲಿ ತುರುಕುತ್ತಾಳೆ. ನಿನ್ನೆ ಅವಳಿಗೆ ನಮ್ಮ ಹಳೇ ಸ್ಟೋರ್‌ಕೀಪರ್ ನನಗೆ ಕಲಿಸಿದ್ದನ್ನು ಕಲಿಸಿದೆ. ಪೆಟ್ಟಿಗೆ ಬಿಚ್ಚಿ, ಕೈಯಾರೆ ಮುಟ್ಟಿ ನೋಡಿದ ಸಾಮಾನಾದರೆ ಸಹಿಯ ಕೆಳಗೆ ಎರಡು ಗೆರೆ. ಮೇಲಿನವರ ಒತ್ತಾಯಕ್ಕೆ ನೋಡದೆ ಹಾಕಿದ ಸಹಿಯಾದರೆ ಒಂದೇ ಗೆರೆ. "ಕಂಡದ್ದಕ್ಕೆ ಎರಡು, ಕಾಣದ್ದಕ್ಕೆ ಒಂದು" ಎಂದು ಆ ಯಜಮಾನರು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಅದಕ್ಕೆ ಆ ಹುಡುಗಿ, "ಯಾರಿಗೆ ಗೊತ್ತಾಗುತ್ತೆ ಮೇಡಂ ಇದು?" ಎಂದಳು. "ನಮಗೆ ಗೊತ್ತಾದರೆ ಸಾಕಲ್ವಾ" ಎಂದೆ. ನಿನ್ನ ಶಾಲೆಯ ಅಂಕಪಟ್ಟಿಗೂ ನಾನು ಎರಡು ಗೆರೆ ಎಳೆಯುತ್ತಿದ್ದದ್ದು ನೆನಪಿದೆಯೇ? ಗಣಿತದ ಅಂಕ ನೋಡಿಯೂ ಎಳೆಯುತ್ತಿದ್ದೆ, ಅದು ನನ್ನ ದೊಡ್ಡತನ.

ರಾಜಧಾನಿಯಿಂದ ಇಬ್ಬರು ತನಿಖೆಯವರು ಬಂದಿದ್ದರು. ಹದಿನಾಲ್ಕು ವರ್ಷದ ಹಿಂದಿನ ಕಡತಗಳನ್ನು ಕೇಳಿ ತೆಗೆದುಕೊಂಡು ಹೋದರು. ಹಳೇ ಧೂಳು. ಅವರೂ ಸೀನಿದರು.

ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗು.

ನಿನ್ನ ಅಕ್ಕ


ಫೆಬ್ರವರಿ 3

ಪ್ರೀತಿಯ ಅಕ್ಕ,

ನೆಗಡಿ ಹೋಯಿತು. ಕೆಲಸ ಮಾತ್ರ ತಲೆಯ ಮೇಲೆ ಕೂತಿದೆ. ನಮ್ಮ ಕಚೇರಿಯ ಕೆಲಸ ನಿನಗೆ ಗೊತ್ತಲ್ಲ. ಬೇರೆ ದೇಶಗಳಲ್ಲಿ ಅಧಿಕಾರದಲ್ಲಿದ್ದವರು ನುಂಗಿದ ದುಡ್ಡು ನಾನಿರುವ ಈ ಪರದೇಶಕ್ಕೆ ಬಂದು ಮನೆಯಾಗಿಯೋ ಬ್ಯಾಂಕಿನ ಖಾತೆಯಾಗಿಯೋ ಕೂತಿರುತ್ತದೆ. ಆ ದೇಶದವರು "ನಮ್ಮದನ್ನು ನಮಗೆ ಕೊಡಿಸಿ" ಎಂದು ಕೋರಿಕೆ ಕಳಿಸುತ್ತಾರೆ. ಆ ಕಾಗದಗಳನ್ನು ಇಲ್ಲಿಯ ನ್ಯಾಯಾಲಯಕ್ಕೆ ತಿಳಿಯುವ ಭಾಷೆಗೆ ತರುವುದು ನನ್ನ ಪಾಲಿನ ಕೂಲಿ. ಈಗೊಂದು ಕೋರಿಕೆ ಬಂದಿದೆ. ಯಾವ ದೇಶದ್ದು ಎಂದು ಹೇಳುವ ಹಾಗಿಲ್ಲ.

ನಾನು ಟ್ರ್ಯಾಮ್ ಇಳಿಯುವ ಬೀದಿಯಲ್ಲಿ ಒಂದು ಬಿಳಿ ಮನೆಯಿದೆ. ಕಿಟಕಿಗಳೆಲ್ಲ ಮುಚ್ಚಿವೆ. ಅದನ್ನು ಮಾರದ ಹಾಗೆ ನ್ಯಾಯಾಲಯ ತಡೆಹಿಡಿದಿದೆ. ವಾರಕ್ಕೊಮ್ಮೆ ಒಬ್ಬ ತೋಟಗಾರ ಬಂದು ಹುಲ್ಲು ಕತ್ತರಿಸಿ ಹೋಗುತ್ತಾನೆ. ಮೂರು ವರ್ಷದಿಂದ ದಿನಾ ಅದನ್ನು ನೋಡಿಕೊಂಡು ಬರುತ್ತಿದ್ದೆ, ಯಾರದ್ದೆಂದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಅಂದಿನಿಂದ ರಸ್ತೆಯ ಇನ್ನೊಂದು ಬದಿಯಲ್ಲಿ ನಡೆಯುತ್ತಿದ್ದೇನೆ.

ಅಕ್ಕ, ಸುಮ್ಮನೆ ಕೇಳುತ್ತೇನೆ, ತಮಾಷೆಗೆ. ಇಷ್ಟು ವರ್ಷದಲ್ಲಿ ನೀನು ಒಂದೇ ಗೆರೆ ಎಳೆದದ್ದು ಎಷ್ಟು ಸಲ?

ನಿನ್ನ ಗುಬ್ಬಿ


ಫೆಬ್ರವರಿ 24

ಪ್ರೀತಿಯ ಗುಬ್ಬಿ,

ಸ್ಟೋರಿನ ಉತ್ತರದ ಗೋಡೆಗೆ ಮತ್ತೆ ತೇವ ಬಂದಿದೆ. ಬ್ಯಾಂಡೇಜಿನ ಮೂಟೆಗಳನ್ನೆಲ್ಲ ಈಚೆಗೆ ಎಳೆಸಿದೆ. ಎಳೆಸುವಾಗ ನಾನೂ ಕೈ ಹಾಕಿದೆ, ಸೊಂಟ ಹಿಡಿದುಕೊಂಡಿತು. ಎಲುಬಿನ ಡಾಕ್ಟರು, "ಇನ್ನೂ ಎಷ್ಟು ದಿನ ಮೂಟೆ ಹೊರ್ತೀರಮ್ಮ?" ಎಂದರು. "ಜುಲೈವರೆಗೆ" ಎಂದೆ. ನಕ್ಕರು.

ನಿವೃತ್ತಿಯಾದ ಮೇಲೆ ಇರುವುದಕ್ಕೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ. ಮನೆಯೊಡತಿ ವಾಚಾಳಿ, ನನಗೆ ಅದೇ ಬೇಕು. ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಈ ಸಲ ನೀನು ಬಂದಾಗ ಮಲಗುವುದಕ್ಕೆ ನಿನಗೇ ಒಂದು ಕೋಣೆ.

ನೀನು ಕೇಳಿದ್ದಕ್ಕೆ ಉತ್ತರ: ಎಣಿಸಿಟ್ಟಿಲ್ಲ. ಅಂಥದ್ದನ್ನೆಲ್ಲ ತಮಾಷೆಗೆ ಕೇಳಬಾರದು.

ಅಕ್ಕ


ಏಪ್ರಿಲ್ 19

ಅಕ್ಕ,

ಎಂಟು ಭಾನುವಾರ ಫೋನಿನಲ್ಲಿ ಹವಾಮಾನದ ಮಾತಾಡಿ ಸಾಕಾಯಿತು. ತಮಾಷೆಗೆ ಕೇಳಿದೆ ಎಂದು ಬರೆದದ್ದು ಸುಳ್ಳು.

ಆ ಕೋರಿಕೆ ನಮ್ಮ ದೇಶದ್ದು. ಆ ಬಿಳಿ ಮನೆ ಹದಿನಾಲ್ಕು ವರ್ಷದ ಹಿಂದಿನ ಆರೋಗ್ಯ ಮಂತ್ರಿಯದ್ದು, ಅವರ ಅಳಿಯನ ಹೆಸರಿನಲ್ಲಿದೆ. ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ನಲವತ್ತು, ನಿಮ್ಮ ಆಸ್ಪತ್ರೆಗೆ. ಸರ್ಕಾರ ಪೂರ್ತಿ ಹಣ ಕೊಟ್ಟಿತು. ಯಂತ್ರ ಬರಲೇ ಇಲ್ಲ ಎಂದು ನಮ್ಮ ದೇಶ ಹೇಳುತ್ತಿದೆ. ಬಂದಿವೆ ಎಂದು ಸ್ವೀಕೃತಿ ಪತ್ರ ಹೇಳುತ್ತಿದೆ. ಆ ಪತ್ರ ನನ್ನ ಮೇಜಿಗೆ ಬಂತು. ಅದರಲ್ಲಿ ನಿನ್ನ ಸಹಿ ಇತ್ತು. ಕೆಳಗೆ ಒಂದೇ ಗೆರೆ.

ನಮ್ಮ ಕೆಲಸದಲ್ಲಿ ಕಾಗದದ ಮೇಲೆ ಇರುವುದೆಲ್ಲ ಅನುವಾದವಾಗಬೇಕು. ಮೊಹರು ಓರೆಯಾಗಿದ್ದರೆ ಓರೆಯಾಗಿದೆ ಎಂದು ಬರೆಯಬೇಕು. ಚಹಾದ ಕಲೆಯಿದ್ದರೆ ಅದನ್ನೂ ಬರೆಯಬೇಕು. ನಾನು "ಸಹಿ ಇದೆ" ಎಂದಷ್ಟೇ ಬರೆದೆ. ಗೆರೆಯನ್ನು ಬಿಟ್ಟೆ. ಹನ್ನೊಂದು ವರ್ಷದ ಕೆಲಸದಲ್ಲಿ ಮೊದಲ ಸಲ, ಕಣ್ಣಿಗೆ ಕಂಡದ್ದನ್ನು ಬಿಟ್ಟೆ. ಸಹಿ ಮಾಡಿದವಳು ನನ್ನ ಅಕ್ಕ ಎಂದು ಕಚೇರಿಗೆ ಹೇಳಿ ಆ ಕೆಲಸದಿಂದ ದೂರ ಸರಿಯಬೇಕಿತ್ತು. ಅದನ್ನೂ ಮಾಡಲಿಲ್ಲ.

ಮಾರ್ಚಿನಲ್ಲಿ ಮಂತ್ರಿಯ ಕಡೆಯ ವಕೀಲ ನನ್ನ ಅನುವಾದವನ್ನೇ ಎತ್ತಿ ಹಿಡಿದು, "ಸಾಮಾನು ತಲುಪಿದೆ, ಸ್ಟೋರ್‌ಕೀಪರ್ ಸಹಿ ಹಾಕಿದ್ದಾರೆ, ಇನ್ನು ಕಳವು ಎಲ್ಲಿ?" ಎಂದ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜೂನ್ ಹನ್ನೆರಡರೊಳಗೆ ಬೇರೆ ಸಾಕ್ಷ್ಯ ಬರದಿದ್ದರೆ ತಡೆ ತೆಗೆಯುತ್ತಾರೆ. ಆ ಮನೆ, ಆ ಹಣ ಎಲ್ಲ ಮತ್ತೆ ಮಂತ್ರಿಯದ್ದೇ ಆಗುತ್ತದೆ.

ಮೊನ್ನೆ ನನ್ನ ಮೇಲಧಿಕಾರಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಆಕೆ ಕೂಗಾಡಲಿಲ್ಲ. ಕನ್ನಡಕ ತೆಗೆದಿಟ್ಟು, "ಆ ಗೆರೆಗೆ ಏನು ಅರ್ಥ ಅಂತ ಎಳೆದವರೇ ಬಂದು ಹೇಳಬೇಕು. ನೀವು ಹೇಳಿದರೆ ಅದು ಬರೀ ಕಥೆ" ಎಂದರು. ನನ್ನನ್ನು ಪ್ರಕರಣದಿಂದ ತೆಗೆದಿದ್ದಾರೆ. ನನ್ನ ಮೇಲೆ ವಿಚಾರಣೆ ಇದೆ. ನಿನಗೆ ಬರೆಯುತ್ತೇನೆ ಎಂದೂ ಹೇಳಿದೆ. ಬರೆದದ್ದರ ಪ್ರತಿ ಕೊಡಿ ಎಂದರು, ಕೊಡುತ್ತೇನೆ.

ನೀನು ಬಾಯಿ ಬಿಟ್ಟರೆ ನಿನ್ನ ಪಿಂಚಣಿ, ಮಾನ ಏನಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನನ್ನು ಹೆದರಿಸಿ ಹಾಕಿಸಿದ ಸಹಿ ಎಂದು ಹೇಳಿದರೆ ಸಾಕಲ್ಲವೇ? ಹಾಗೇ ತಾನೇ ಆದದ್ದು?

ಗುಬ್ಬಿ


ಮೇ 2

ಗುಬ್ಬಿ,

ನಿನ್ನ ಕಾಗದ ಓದಿ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಎತ್ತಿ ಆಡಿಸಿದ ಕೂಸು ನನಗೇ ಪ್ರಶ್ನೆ ಹಾಕುತ್ತದೆ. ಕಾಗದದ ಪ್ರತಿಯನ್ನು ಕಚೇರಿಗೆ ಬೇರೆ ಕೊಡುತ್ತಾಳಂತೆ! ಹಾಗಾದರೆ ಕಚೇರಿಯವರಿಗೂ ಗೊತ್ತಾಗಲಿ, ನಿನಗೆ ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡುವ ಅಭ್ಯಾಸವಿತ್ತು ಎಂದು.

ಇದನ್ನು ಬರೆದ ಮೇಲೆ ನನಗೇ ನಾಚಿಕೆಯಾಯಿತು. ಹೊಡೆದು ಹಾಕುವುದಿಲ್ಲ, ಇರಲಿ.

ನಲವತ್ತು ಪೆಟ್ಟಿಗೆ ಬಂದವು. ನಾನು ಒಂದನ್ನು ಬಿಚ್ಚಿದೆ. ಒಳಗೆ ಥರ್ಮೋಕೋಲು, ತುಕ್ಕು ಹಿಡಿದ ಒಂದು ಕಬ್ಬಿಣದ ಸ್ಟ್ಯಾಂಡು. ಉಳಿದದ್ದನ್ನು ಬಿಚ್ಚಲಿಲ್ಲ. ಬಿಚ್ಚದಿದ್ದರೆ ಅವು "ಕಾಣದ್ದು" ಆಗುತ್ತವಲ್ಲ. ಕಂಡದ್ದೊಂದು, ಕಾಣದ್ದು ಮೂವತ್ತೊಂಬತ್ತು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಒಂದು ಗೆರೆ ಎಳೆದೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕು ನಾನು. ಆ ಗೆರೆ ನನ್ನನ್ನು ಕಾಯುತ್ತದೆ ಎಂದು ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ. ಆ ಕಾಗದ ಕೈಗೆ ಬಂದವರಲ್ಲಿ ಅದನ್ನು ಓದಬಲ್ಲವಳು ನೀನೊಬ್ಬಳು. ನೀನೂ ಅದನ್ನು ಬಿಟ್ಟೆ.

ಹೇಳಿಕೆ ಕೊಡುತ್ತೇನೆಯೋ ಇಲ್ಲವೋ ಗೊತ್ತಿಲ್ಲ. ಹೆದರಿಸಿದರೇ ಎಂದು ಕೇಳಿದ್ದೀಯ. ಅದಕ್ಕೆ ಈಗ ಉತ್ತರ ಬರೆಯಲಾರೆ.

ಅಕ್ಕ


ಮೇ 28

ಗುಬ್ಬಿ,

ನಾಳೆ ಹೇಳಿಕೆ. ನಮ್ಮ ಕಡೆಯ ನ್ಯಾಯಾಲಯದ ಒಂದು ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ನಿಮ್ಮ ಕಡೆಯ ನ್ಯಾಯಾಧೀಶರು ಅಲ್ಲಿ ಕೂತೇ ಕೇಳುತ್ತಾರೆ, ಯಾರೋ ಬೇರೆಯವರು ಅನುವಾದ ಮಾಡುತ್ತಾರೆ. ಅಲ್ಲಿ ನಾನು ಏನು ಹೇಳುತ್ತೇನೋ ಅದನ್ನು ನೀನು ಬೇರೆ ಯಾರ ಬಾಯಿಂದಲೂ ಕೇಳಬಾರದು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಹತ್ತಿರ ಹೋದೆ. ಹದಿನಾಲ್ಕು ವರ್ಷದಿಂದ ಆಕೆ ಪ್ರತಿ ಚಳಿಗಾಲ ವಾರ್ಮರ್ ಬೇಕೆಂದು ಇಂಡೆಂಟ್ ಬರೆಯುತ್ತಾರೆ. ಮೇಲಿನವರು "ದಾಸ್ತಾನಿನಲ್ಲಿ ನಲವತ್ತು ಇವೆ" ಎಂದು ಷರಾ ಬರೆದು ವಾಪಸ್ ಕಳಿಸುತ್ತಾರೆ. ಆಕೆ ಸ್ಟೋರಿನ ಬಾಗಿಲಿಗೆ ಬಂದು ನನ್ನನ್ನು ಬೈಯುತ್ತಾರೆ. ಕೂಸುಗಳ ತಲೆಯ ಮೇಲೆ ಟೇಬಲ್ ಲ್ಯಾಂಪ್ ಉರಿಸುತ್ತಾರೆ. ಎಲ್ಲ ಕೂಸುಗಳಿಗೂ ಅದು ಸಾಲಲಿಲ್ಲ. ಯಾವ ವರ್ಷ ಎಷ್ಟು ಎಂದು ಆಕೆಗೆ ಬಾಯಿಪಾಠವಿದೆ, ನನಗೂ ಇದೆ, ಇಲ್ಲಿ ಬರೆಯುವುದಿಲ್ಲ.

ಹೇಳಿದೆ. ಆಕೆ ಕೂತಲ್ಲಿಂದ ಏಳಲಿಲ್ಲ. "ಒಳಗೆ ಅಡಗಿಸಿಟ್ಟಿದ್ದೀರಿ ಅಂದ್ಕೊಂಡು ಬೈತಿದ್ದೆ ಕಣ್ರೀ. ಇಲ್ಲವೇ ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಾವೇ ಚಂದಾ ಎತ್ತಿ ಎರಡಾದ್ರೂ ತರ್ತಿದ್ವಿ" ಎಂದರು. ಒಂದು ಮಾತು, ಗುಬ್ಬಿ. ಮಂತ್ರಿಯನ್ನು ಹಿಡಿದುಕೊಡುವಷ್ಟು ಧೈರ್ಯ ಬೇಕಿರಲಿಲ್ಲ. ಅದೊಂದು ಮಾತು ಸಾಕಿತ್ತು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನನ್ನನ್ನು ಯಾರೂ ಹೆದರಿಸಲಿಲ್ಲ. ಆಗಿನ ಸೂಪರಿಂಟೆಂಡೆಂಟ್ ಡಾಕ್ಟರು ಕೋಣೆಗೆ ಕರೆಸಿದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. "ಪರದೇಶದ ವಿದ್ಯಾರ್ಥಿವೇತನದ ಪಟ್ಟೀಲಿ ನಿಮ್ಮ ತಂಗಿ ಎರಡನೆಯವಳಂತೆ. ಇರೋದು ಒಂದೇ ಜಾಗ. ಮಂತ್ರಿಗಳ ಕಚೇರಿಯಿಂದ ಒಂದು ಫೋನ್ ಹೋದ್ರೆ ಎರಡನೆಯವರು ಮೊದಲನೆಯವರು ಆಗೋದು ಏನು ದೊಡ್ಡ ವಿಷಯ?" ಎಂದರು. ಸ್ವೀಕೃತಿ ಪತ್ರವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ನಾನು ಚಹಾ ಪೂರ್ತಿ ಕುಡಿದು ಸಹಿ ಹಾಕಿದೆ.

ಮೊದಲನೆಯವಳು ಬೇಡವೆಂದಳಂತೆ, ಅದಕ್ಕೆ ನಿನಗೆ ಬಂತು ಎಂದು ನಿನಗೆ ಹೇಳಿದ್ದೆನಲ್ಲ. ಆಕೆ ಬೇಡವೆನ್ನಲಿಲ್ಲ. ಆಯ್ಕೆಯಾಗಿಲ್ಲ ಎಂದು ಆಕೆಗೆ ಕಾಗದ ಹೋಯಿತು. ಆಕೆ ಈ ಊರಿನವಳೇ. ನ್ಯಾಯಾಲಯದ ಎದುರಿನ ಸಾಲಿನಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಮೂರು ಭಾಷೆಯಲ್ಲಿ ಜನರ ಅರ್ಜಿ ಬರೆದುಕೊಡುತ್ತಾಳೆ. ನಮ್ಮ ಸರ್ಕಾರದ ಕಡೆಯ ವಕೀಲರು ನನ್ನ ಹೇಳಿಕೆಯ ಕರಡನ್ನು ಅಲ್ಲಿ ಟೈಪ್ ಮಾಡಿಸಿಕೊಂಡು ಬನ್ನಿ ಎಂದರು. ಬಾಗಿಲವರೆಗೆ ಹೋದೆ. ಒಳಗೆ ಆಕೆ ಒಬ್ಬ ಮುದುಕನಿಗೆ "ಇಲ್ಲಿ ಹೆಬ್ಬೆಟ್ಟು ಒತ್ತಿ ತಾತ" ಎನ್ನುತ್ತಿದ್ದಳು. ವಾಪಸ್ ಬಂದು ಎರಡು ಬೀದಿ ದಾಟಿ ಬೇರೆ ಕಡೆ ಮಾಡಿಸಿದೆ.

ನಿನ್ನ ಓದಿಗೆ ಅಂತ ಮಾಡಿದೆ ಎಂದು ಹೇಳಿ ನಿನ್ನ ಮೇಲೆ ಹೊರೆ ಹಾಕುತ್ತಿಲ್ಲ. ನಿನಗೆ ಗೊತ್ತಿರಲಿಲ್ಲ, ಮಾಡಿದವಳು ನಾನು. ಆದರೆ ನಾಳೆ ಇದೆಲ್ಲ ಕ್ಯಾಮೆರಾದ ಮುಂದೆ ಹೇಳಲೇಬೇಕು. ಅರ್ಧ ಹೇಳುವುದಾದರೆ ಅದೂ ಒಂದೇ ಗೆರೆಯ ಸಹಿಯೇ.

ಭಾನುವಾರ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಬೇಸರವಿಲ್ಲ.

ಅಕ್ಕ


ಜುಲೈ 6

ಅಕ್ಕ,

ಐದು ಭಾನುವಾರ ಫೋನ್ ಎತ್ತಲಿಲ್ಲ. ನೀನು ಪ್ರತಿ ಸಲವೂ ಹನ್ನೆರಡು ರಿಂಗ್ ಕಾದು ಇಡುತ್ತಿದ್ದೆ, ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ನಿನ್ನ ಮೇಲಿನ ಸಿಟ್ಟು ಎಷ್ಟು, ನನ್ನ ಬಗ್ಗೆ ಹೇಸಿಗೆ ಎಷ್ಟು ಎಂದು ಬೇರೆ ಮಾಡಲು ನೋಡಿದೆ. ಆಗಲಿಲ್ಲ.

ತಡೆ ಮುಂದುವರಿದಿದೆ. ನಿನ್ನ ಮಾತನ್ನು ನ್ಯಾಯಾಧೀಶರು ನಂಬಿದರು. ತನ್ನ ತಪ್ಪನ್ನು ಇಷ್ಟು ಪೂರ್ತಿಯಾಗಿ ಹೇಳಿಕೊಂಡವರು ಸುಳ್ಳು ಹೇಳುವ ಕಾರಣವಿಲ್ಲ ಎಂದು ಆದೇಶದಲ್ಲೇ ಬರೆದಿದ್ದಾರೆ. ಮನೆಯನ್ನು ಮಾರಿ ಹಣ ನಮ್ಮ ದೇಶಕ್ಕೆ ಹೋಗುವುದಕ್ಕೆ ಇನ್ನೂ ವರ್ಷಗಳು ಹಿಡಿಯಬಹುದು. ಆದರೆ ಹೋಗುತ್ತದೆ. ಮೊದಲು ಹೆರಿಗೆ ವಾರ್ಡಿಗೇ ಎಂದು ಎರಡೂ ದೇಶದವರು ಒಪ್ಪಂದಕ್ಕೆ ಬರುತ್ತಿದ್ದಾರೆ. ನನ್ನನ್ನು ಕೆಲಸದಿಂದ ತೆಗೆದರು. ಸರಿಯಾಗಿಯೇ ಇದೆ.

ನಿವೃತ್ತಿಗೆ ಇನ್ನು ನಾಲ್ಕು ವಾರ ಇರುವಾಗ ನಿನ್ನನ್ನು ಅಮಾನತು ಮಾಡಿದ್ದಾರೆ ಎಂದು ತಿಳಿಯಿತು. ಆ ಎರಡು ಕೋಣೆಯ ಮನೆಯವರು ಮುಂಗಡ ವಾಪಸ್ ಕೊಟ್ಟರಂತೆ. ಎಲ್ಲಿದ್ದೀಯ? ಊಟ ಮಾಡುತ್ತೀಯಾ? ಬರುವ ಭಾನುವಾರ ಮೊದಲ ರಿಂಗಿಗೇ ಎತ್ತುತ್ತೇನೆ. ಸೊಂಟನೋವಿನ ಮಾತಾಡೋಣ.

ಟೈಪಿಂಗ್ ಅಂಗಡಿಯ ವಿಳಾಸ ಬರೆದು ಕಳಿಸು.

ಗುಬ್ಬಿ


ಜುಲೈ 27

ಮಾನ್ಯರೇ,

ನೀವು ನನ್ನನ್ನು ನೋಡಿಲ್ಲ. ಹದಿನಾಲ್ಕು ವರ್ಷದ ಹಿಂದೆ ನೀವು ಅರ್ಜಿ ಹಾಕಿದ್ದ ವಿದ್ಯಾರ್ಥಿವೇತನದಲ್ಲಿ ಓದಿದವಳು ನಾನು. ಪಟ್ಟಿಯಲ್ಲಿ ನೀವು ಮೊದಲನೆಯವರು, ನಾನು ಎರಡನೆಯವಳು. ಆ ಕ್ರಮವನ್ನು ಬದಲಿಸಿದ್ದು ಒಂದು ಫೋನು. ಅದಕ್ಕೆ ಬೆಲೆಯಾಗಿ ನನ್ನ ಅಕ್ಕ ಒಂದು ಸುಳ್ಳು ಪತ್ರಕ್ಕೆ ಸಹಿ ಹಾಕಿದಳು. ಅವಳ ಹೇಳಿಕೆಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನನಗೆ ಇದು ಗೊತ್ತಾದದ್ದು ಈ ಜೂನ್ ತಿಂಗಳಿನಲ್ಲಿ. ಆದರೆ ಮೊದಲನೆಯವರು ಬೇಡವೆಂದರು ಎಂದು ಆಗ ನನಗೆ ಹೇಳಿದ್ದರು, ಯಾಕೆ ಎಂದು ನಾನು ಒಂದು ದಿನವೂ ವಿಚಾರಿಸಲಿಲ್ಲ. ವಿಚಾರಿಸದಿದ್ದರೆ ಅನುಕೂಲವಿತ್ತು.

ಒಂದು ದೇಶದಿಂದ ಕದ್ದ ದುಡ್ಡನ್ನು ಇನ್ನೊಂದು ದೇಶದಿಂದ ವಾಪಸ್ ತರಿಸುವ ಕಚೇರಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಅದಕ್ಕೆ ಒಪ್ಪಂದಗಳಿವೆ, ಅರ್ಜಿಯ ನಮೂನೆಗಳಿವೆ. ನಿಮ್ಮ ವರ್ಷಗಳನ್ನು ವಾಪಸ್ ಕೊಡುವುದಕ್ಕೆ ಯಾವ ನಮೂನೆಯೂ ನನಗೆ ಸಿಗಲಿಲ್ಲ. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ, ಅದು ತೀರಾ ಅಗ್ಗದ ಮಾತಾಗುತ್ತದೆ. ನಡೆದದ್ದು ನಿಮಗೆ ತಿಳಿದಿರಬೇಕು ಎಂಬುದಷ್ಟೇ ಈ ಕಾಗದದ ಉದ್ದೇಶ. ನೀವು ಇದನ್ನು ಯಾರಿಗೆ ಬೇಕಾದರೂ ತೋರಿಸಬಹುದು.

ಎರಡನೆಯವಳು


ಆಗಸ್ಟ್ 18

ನಿಮ್ಮ ಕಾಗದ ಬಂತು. ಅಂಗಡಿಯಲ್ಲಿ ಜನರಿದ್ದರು, ಒಡೆದು ನಿಂತಲ್ಲೇ ಓದಿದೆ. ಆಮೇಲೆ ಒಬ್ಬರ ಜನನ ಪ್ರಮಾಣಪತ್ರದ ಅರ್ಜಿಯನ್ನು ಮೂರು ಸಲ ತಪ್ಪು ಟೈಪ್ ಮಾಡಿದೆ.

ನೀವು ಕ್ಷಮೆ ಕೇಳದಿದ್ದದ್ದು ಒಳ್ಳೆಯದಾಯಿತು. ಕೇಳಿದ್ದರೆ ಕೊಡುತ್ತಿರಲಿಲ್ಲ. ನಿಮ್ಮ ಅಕ್ಕನನ್ನು ನಾನು ಬಲ್ಲೆ. ಇಷ್ಟು ವರ್ಷವೂ ನನ್ನ ಅಂಗಡಿಯ ಮುಂದೆ ಬಂದಾಗಲೆಲ್ಲ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ನನ್ನ ಅಂಗಡಿ ನೋಡಿದರೆ ಅವರಿಗೆ ತಾತ್ಸಾರವಿರಬೇಕು ಅಂದುಕೊಂಡಿದ್ದೆ.

ಆಯ್ಕೆಯಾಗಿಲ್ಲ ಎಂಬ ಕಾಗದ ಬಂದ ದಿನ ನಮ್ಮ ತಂದೆ, "ನಮ್ಮಂಥೋರಿಗೆ ಅಷ್ಟು ತಲೆ ಎಲ್ಲಿಂದ ಬರಬೇಕು ಬಿಡು" ಎಂದರು. ನಾನು ಅದನ್ನು ನಂಬಿದೆ. ಮುಂದೆ ಯಾವ ಪರೀಕ್ಷೆಗೂ ಕೂರಲಿಲ್ಲ. ಈಗ ನನ್ನ ಮಗಳು ಏಳನೇ ಕ್ಲಾಸು. ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದು ಜೂನಿನಿಂದ ಹಟ ಹಿಡಿದಿದ್ದಾಳೆ. ಅವಳಿಗೂ ನಾನು ಅದೇ ಮಾತು ಹೇಳಿದ್ದೆ, ನಮ್ಮ ತಂದೆ ಹೇಳಿದ ಹಾಗೇ, ಪ್ರೀತಿಯಿಂದಲೇ.

ನಿನ್ನೆ ಅವಳನ್ನು ಕೂರಿಸಿಕೊಂಡು, "ನಿಮ್ಮಮ್ಮ ಮೊದಲನೆಯವಳಾಗಿ ಬಂದಿದ್ದಳು" ಎಂದೆ. ನಂಬಲಿಲ್ಲ. ನಿಮ್ಮ ಕಾಗದ ಕೊಟ್ಟೆ. ಎರಡು ಸಲ ಓದಿದಳು. ನಾನು ಅದನ್ನು ಸುಟ್ಟು ಹಾಕಬೇಕು ಎಂದಿದ್ದೆ, ಅವಳು ಕೊಡಲಿಲ್ಲ, ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಇವತ್ತು ಬೆಳಿಗ್ಗೆ ಪರೀಕ್ಷೆಯ ಅರ್ಜಿಯನ್ನು ನಾನೇ ಟೈಪ್ ಮಾಡಿ ಕಳಿಸಿದೆ.

ಇನ್ನು ಮುಂದೆ ನನಗೆ ಬರೆಯಬೇಡಿ.

ಮೊದಲನೆಯವಳು